ಕಲಿಯುವವಳ ಸಂಬಳ

ಜಿಲ್ಲಾ ಆಸ್ಪತ್ರೆಗೆ ಅಂಟಿಕೊಂಡಿದ್ದ ನಮ್ಮ ನರ್ಸಿಂಗ್ ಶಾಲೆಯ ಮಹಡಿಯಲ್ಲಿ ಒಂದು ಪ್ರಾತ್ಯಕ್ಷಿಕೆ ಕೋಣೆ ಇತ್ತು. ಎರಡು ಕಬ್ಬಿಣದ ಮಂಚ, ಒಂದರ ಮೇಲೆ ರಬ್ಬರಿನ ಬೊಂಬೆ, ಗೋಡೆಯ ಮೇಲೆ ಕೈ ತೊಳೆಯುವ ಕ್ರಮ ತೋರಿಸುವ ಚಿತ್ರ. ಬೆಳಿಗ್ಗೆ ಎಂಟಕ್ಕೆ ಮೊದಲು ಅದನ್ನು ಗುಡಿಸಿ ಒರೆಸಲು ವಾರ್ಡಿನಿಂದ ಒಬ್ಬ ಆಯಾ ಬರುತ್ತಿದ್ದಳು. ಹೊರಗುತ್ತಿಗೆಯವಳು. ನಾನು ನಿವೃತ್ತಳಾಗುವ ವರ್ಷ, ಒಂದು ದಿನ ಬೇಗ ಹೋದಾಗ ಆಕೆ ಪೊರಕೆಯನ್ನು ಬಾಗಿಲಿಗೆ ಒರಗಿಸಿ ಮಂಚಕ್ಕೆ ಚಾದರ ಹಾಸುತ್ತಿದ್ದಳು. ಮೂಲೆಯನ್ನು ಎತ್ತಿ, ಮಡಿಸಿ, ಹಾಸಿಗೆಯ ಕೆಳಗೆ ಸಿಕ್ಕಿಸಿ ಅಂಗೈಯಿಂದ ಒಮ್ಮೆ ಎಳೆದಳು. ಒಂದು ಸುಕ್ಕಿರಲಿಲ್ಲ. ಮೊದಲ ವರ್ಷದ ಹುಡುಗಿಯರಿಗೆ ವಾರಗಟ್ಟಲೆ ಹೇಳಿಕೊಟ್ಟರೂ ಸಡಿಲ ಬೀಳುವ ಮೂಲೆ ಅದು. ಯಾರೂ ಹೇಳಿಕೊಡದೆ, ಕಿಟಕಿಯಾಚೆ ನಿಂತು ನೋಡಿ ಕಲಿತಿದ್ದಳು.

ನನ್ನನ್ನು ಕಂಡು ಗಾಬರಿಯಾದಳು. ಆಮೇಲೆ, ಬಹಳ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಕೇಳಿದಳು: "ಮೇಡಂ, ಈ ವಯಸ್ಸಲ್ಲಿ ನನಗೆ ಸಿಸ್ಟರ್ ಕೋರ್ಸ್ ಓದೋಕಾಗುತ್ತಾ?"

ಆಗ ಆಕೆಗೆ 33. ಕಲಾ ವಿಭಾಗದಲ್ಲಿ ಪಿಯುಸಿ ಪಾಸಾದ ವರ್ಷವೇ ಮದುವೆ. ಗಂಡ ಸಿಮೆಂಟ್ ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದವನು, ಸೊಂಟ ಹಿಡಿದುಕೊಂಡ ಮೇಲೆ ಸಿಕ್ಕ ದಿನ ಕೆಲಸ, ಸಿಗದ ದಿನ ಇಲ್ಲ. ಮಗಳು ಎಂಟನೇ ಕ್ಲಾಸು, ಮಗ ಐದನೆಯದು, ಜೊತೆಗೆ ಅತ್ತೆ. ಮರುದಿನ ಆಕೆ ಹಳೇ ಕ್ಯಾಲೆಂಡರಿನ ಒಂದು ಹಾಳೆ ತಂದಳು. ಅದರ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿದ್ದಳು. ಊರಿನ ಖಾಸಗಿ ಶಾಲೆಯವರು ಹೇಳಿದ್ದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಫೀಸು, ಎಲ್ಲ ಸೇರಿ ಮೂರು ವರ್ಷಕ್ಕೆ 2,40,000. ಎದುರಿಗೆ ಓಲೆ, ಎರಡೆಳೆ ಸರ, ಸಂಘದ ಸಾಲ, ಗೃಹಲಕ್ಷ್ಮಿ 2,000. ಕೆಳಗೆ "ಬಸ್ಸು" ಎಂದು ಬರೆದು ಮುಂದೆ ಸೊನ್ನೆ ಹಾಕಿದ್ದಳು. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಉಚಿತವಾದದ್ದು ಆ ಹಾಳೆಯಲ್ಲಿ ಒಂದು ಗೆಲುವಿನಂತೆ ಕಾಣುತ್ತಿತ್ತು.

ಲೆಕ್ಕ ಒಂದಿಷ್ಟು ಎಳೆದಾಡಿದರೆ ಕೂಡುತ್ತಿತ್ತು. ಆದರೆ ಒಂದು ಸಾಲು ಅದರಲ್ಲಿರಲಿಲ್ಲ. ಆಕೆಯ ಸಂಬಳ ಆಗ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 13,000. ಓದಲು ಕೂತರೆ ಅದು ನಿಲ್ಲುತ್ತದಲ್ಲ, ಮನೆ ಹೇಗೆ ನಡೆಯುತ್ತದೆ ಎಂದು ಕೇಳಿದೆ. ಹಾಳೆಯನ್ನು ಮಡಿಸುತ್ತಾ ಹೇಳಿದಳು: "ಅದನ್ನ ಬರೆಯೋಕೇ ಹೆದರಿಕೆ ಆಯ್ತು ಮೇಡಂ."

ಆಕೆ ಬರೆಯಲು ಹೆದರಿದ ಆ ಸಾಲಿನ ಬಗ್ಗೆಯೇ ಈ ಲೇಖನ. ದೊಡ್ಡವರಾದ ಮೇಲೆ ನರ್ಸಿಂಗ್ ಓದುವವರ ಖರ್ಚು ಎಂದರೆ ನಮಗೆಲ್ಲ ಮೊದಲು ಹೊಳೆಯುವುದು ಫೀಸು. ಫೀಸು ಕಡಿಮೆ ಮಾಡಿ, ವಿದ್ಯಾರ್ಥಿವೇತನ ಕೊಡಿ, ಸಾಲ ಸುಲಭ ಮಾಡಿ ಎನ್ನುತ್ತೇವೆ. ಹದಿನೆಂಟರ ಹುಡುಗಿಗೆ ಅದು ಸರಿ. ಆಕೆಯ ಅನ್ನ, ಬಟ್ಟೆ, ಮನೆಬಾಡಿಗೆಯ ಭಾರ ಹೊರಲು ಅಪ್ಪ ಅಮ್ಮ ಇದ್ದಾರೆ, ಫೀಸೊಂದೇ ಹೊಸ ಹೊರೆ. ಮೂವತ್ಮೂರರ ತಾಯಿಗೆ ಆ ಅನ್ನ ಬಟ್ಟೆಯನ್ನು ದುಡಿದು ತರುವವಳು ತಾನೇ. 13,000ವನ್ನು ಮೂವತ್ತಾರು ತಿಂಗಳಿಗೆ ಗುಣಿಸಿದರೆ 4,68,000. ಫೀಸಿನ ಹೆಚ್ಚುಕಡಿಮೆ ಎರಡರಷ್ಟು. ಈ ದೊಡ್ಡ ಮೊತ್ತವನ್ನು ಯಾವ ಯೋಜನೆಯೂ ಖರ್ಚೆಂದು ಗಣಿಸುವುದಿಲ್ಲ, ಯಾವ ಬ್ಯಾಂಕೂ ಅರ್ಜಿಯಲ್ಲಿ ಕೇಳುವುದಿಲ್ಲ. ದುಡಿಯುವ ಹೆಂಗಸರನ್ನು ನರ್ಸಿಂಗಿನಿಂದ ಹೊರಗಿಟ್ಟಿರುವುದು ಮುಖ್ಯವಾಗಿ ಇದೇ ಎಂಬುದು ನನ್ನ ವಾದ.

ಸಾಲ ಮಾಡಿ ಓದಬಹುದಲ್ಲ ಎನ್ನುವವರಿಗಾಗಿ ಒಂದು ಲೆಕ್ಕ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಒತ್ತೆ ಬೇಡ. ಆದರೆ ಜಂಟಿ ಸಾಲಗಾರರಾಗಿ ಪಾಲಕರು ಸಹಿ ಹಾಕಬೇಕು, ಮದುವೆಯಾದವರಿಗೆ ಗಂಡ ಅಥವಾ ಅತ್ತೆ ಮಾವ. ಎರಡು ಮಕ್ಕಳನ್ನು ಸಾಕುತ್ತಿರುವವಳ ಓದಿಗೂ ಮನೆಯ ಇನ್ನೊಬ್ಬರ ಒಪ್ಪಿಗೆ ಬೇಕು. ಅದು ಸಿಕ್ಕಿತು ಎನ್ನೋಣ. ವರ್ಷಕ್ಕೆ 80,000ದಂತೆ ಮೂರು ಕಂತು, ಬಡ್ಡಿ ಶೇ 10 ಎಂದಿಟ್ಟುಕೊಳ್ಳೋಣ. ಓದುವ ಮೂರು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತದೆ. ಸರಳ ಬಡ್ಡಿಯೇ 72,000 ಆಗುತ್ತದೆ. ಒಟ್ಟು 3,12,000ವನ್ನು ಏಳು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 5,180 ರೂಪಾಯಿ.

ಈಗ ಕೆಲಸ ಸಿಕ್ಕಿತು ಅನ್ನಿ. ನಾನು ಕಂಡ ಸಣ್ಣ ಊರುಗಳ ನರ್ಸಿಂಗ್ ಹೋಮುಗಳಲ್ಲಿ ಹೊಸದಾಗಿ ಸೇರಿದ ಜಿಎನ್‌ಎಂ ನರ್ಸಿಗೆ 15,000 ಕೊಟ್ಟರೆ ಒಳ್ಳೆಯ ಸಂಬಳ ಎಂಬ ಮಾತಿತ್ತು. ಅದರಲ್ಲಿ ಕಂತು ಕಳೆದರೆ ಉಳಿಯುವುದು 9,820. ಆಯಾ ಆಗಿದ್ದಾಗ ಕೈಗೆ ಬರುತ್ತಿದ್ದದ್ದು 13,000. ಮೂರು ವರ್ಷ ಓದಿ, ಪರೀಕ್ಷೆ ಪಾಸಾಗಿ, ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಇಡೀ ವಾರ್ಡಿನ ಜವಾಬ್ದಾರಿ ಹೊತ್ತ ಮೇಲೆ ಮನೆಗೆ ತರುವ ದುಡ್ಡು ಮೊದಲಿಗಿಂತ ಕಡಿಮೆ! ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ 2009ರಿಂದ ಇದೆ. ಅದು ಆಕೆಗೆ ಸಿಕ್ಕಿತೆಂದೇ ಇಟ್ಟುಕೊಂಡರೂ ಕಂತು 4,000ದ ಹತ್ತಿರ, ಉಳಿಯುವುದು 11,000. ಕಂತು ಮುಗಿಯುವ ಹೊತ್ತಿಗೆ ವಯಸ್ಸು ನಲವತ್ತೈದು ಸಮೀಪಿಸಿರುತ್ತದೆ, ಮಗಳ ಓದು, ಮದುವೆ ಎಲ್ಲ ಎದುರಿಗೆ ಬಂದು ನಿಂತಿರುತ್ತವೆ.

ಹಾಗಾಗಿ ಸಂಬಳದ ಪ್ರಶ್ನೆಯನ್ನು ಬಿಟ್ಟು ಸಾಲದ ಪ್ರಶ್ನೆ ಮಾತಾಡಲಾಗುವುದಿಲ್ಲ. ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ಕೊಟ್ಟ ನಿರ್ದೇಶನದಂತೆ ರಚನೆಯಾದ ತಜ್ಞರ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ 20,000ಕ್ಕಿಂತ ಕಡಿಮೆ ಇರಕೂಡದು ಎಂದಿತು. ಹಾಸಿಗೆ 200 ದಾಟಿದರೆ ಸರ್ಕಾರಿ ನರ್ಸಿನ ಸರಿಸಮ ಸಂಬಳ ಎಂದಿತು. ಅದನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳ ಮೇಲೆ ಬಿತ್ತು, ಬಿದ್ದಲ್ಲೇ ಉಳಿಯಿತು. ಆ 20,000 ಸಿಕ್ಕಿದ್ದರೂ ನಮ್ಮ ಆಯಾ ಸಾಲದ ಕಂತು ಕಟ್ಟಿ 14,820 ಮನೆಗೆ ತರುತ್ತಿದ್ದಳು. ಅಲ್ಲಿಗೆ ಓದಿದ್ದಕ್ಕೆ ತಿಂಗಳಿಗೆ ಒಂದು ಸಾವಿರದ ಎಂಟುನೂರು ಹೆಚ್ಚು.

ಇನ್ನು ನೆರವಿನ ಯೋಜನೆಗಳು. ಅವುಗಳ ಹೆಸರು, ನಿಯಮ, ಅರ್ಜಿ ನಮೂನೆ ಓದುತ್ತಾ ಹೋದಂತೆ ಒಂದು ಪದ ಮತ್ತೆ ಮತ್ತೆ ಸಿಗುತ್ತದೆ: ಮಕ್ಕಳು. 2021ರಲ್ಲಿ ಬಂದ ರೈತ ವಿದ್ಯಾನಿಧಿ ರೈತರ ಮಕ್ಕಳಿಗೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ನೋಂದಾಯಿತ ಕಾರ್ಮಿಕರ ಮಕ್ಕಳಿಗೆ. ಅವೆಲ್ಲ ಬೇಕು, ಅವುಗಳಿಂದ ಓದಿ ಬಂದ ನೂರಾರು ಹುಡುಗಿಯರಿಗೆ ನಾನೇ ಪಾಠ ಹೇಳಿದ್ದೇನೆ. ಆದರೆ ಗಾರೆ ಕೆಲಸದವಳೇ ಓದುತ್ತೇನೆಂದರೆ? ಹೊಲದಲ್ಲಿ ಕಳೆ ಕೀಳುವವಳೇ ಓದುತ್ತೇನೆಂದರೆ? ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿ ಮೊದಲು ಕೇಳುವುದು ತಂದೆ ತಾಯಿಯ ವಿವರ. ನಮ್ಮ ಆಯಾಳ ತಂದೆ ತೀರಿಕೊಂಡು ಹನ್ನೊಂದು ವರ್ಷ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಲು ಹೋದಾಗ ಅಪ್ಪನ ಹೆಸರಲ್ಲೋ ಗಂಡನ ಹೆಸರಲ್ಲೋ ಎಂದು ಕೇಳಿದರಂತೆ. ನನ್ನ ಹೆಸರಲ್ಲೇ ಮಾಡಿಕೊಡಿ, ದುಡಿಯೋಳು ನಾನೇ ಅಂದೆ ಎಂದು ಬಂದು ಹೇಳಿದಳು.

ಭವಿಷ್ಯ ನಿಧಿಯ ನಿಯಮದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1952ರ ಯೋಜನೆಯ 68ಕೆ ಕಲಮಿನಂತೆ, ಏಳು ವರ್ಷ ಸದಸ್ಯರಾಗಿದ್ದವರು ತಮ್ಮ ಪಾಲಿನ ಅರ್ಧದಷ್ಟನ್ನು ಮದುವೆಗೆ ತೆಗೆಯಬಹುದಿತ್ತು. ತಮ್ಮ ಮದುವೆಗೂ ಆಗಬಹುದು, ಮಕ್ಕಳ, ಒಡಹುಟ್ಟಿದವರ ಮದುವೆಗೂ ಆಗಬಹುದು. ಓದಿಗೆ ತೆಗೆಯಬೇಕಾದರೆ ಮಾತ್ರ ಅದು ಮಗನ ಅಥವಾ ಮಗಳ ಓದೇ ಆಗಿರಬೇಕಿತ್ತು. ಸ್ವಂತ ಮದುವೆಗೆ ಸ್ವಂತ ದುಡ್ಡು ಸಿಗುತ್ತಿತ್ತು, ಸ್ವಂತ ಓದಿಗೆ ಸಿಗುತ್ತಿರಲಿಲ್ಲ. ಹಣ ತೆಗೆಯುವ ನಿಯಮಗಳನ್ನೆಲ್ಲ ಕೂಡಿಸಿ ಸರಳಗೊಳಿಸುವ ತೀರ್ಮಾನವಾದದ್ದು 2025ರ ಅಕ್ಟೋಬರಿನಲ್ಲಿ. ಆ ಹಳೆಯ ನಿಯಮ ಯಾರೋ ಬೇಕೆಂದು ಅಡ್ಡಗಾಲು ಹಾಕಿ ಬರೆದದ್ದಲ್ಲ. ದುಡಿಯುವವರೊಬ್ಬರು ಮತ್ತೆ ಓದಬಯಸಬಹುದು ಎಂಬುದು ಬರೆದವರ ಮನಸ್ಸಿಗೇ ಬಂದಿರಲಿಲ್ಲ. ನನಗೆ ಹೆಚ್ಚು ನೋವಾಗುವುದು ಅದಕ್ಕೇ.

ಮನಸ್ಸಿಗೆ ಬಾರದ್ದು ಎನ್ನಲು ಇನ್ನೊಂದು ಸಾಕ್ಷಿ ವಯಸ್ಸಿನ ಮಿತಿ. ಜಿಎನ್‌ಎಂ ಕೋರ್ಸಿಗೆ ಭಾರತೀಯ ನರ್ಸಿಂಗ್ ಪರಿಷತ್ತು ನಿಗದಿ ಮಾಡಿರುವ ಗರಿಷ್ಠ ವಯಸ್ಸು 35. ಈಗಾಗಲೇ ಎಎನ್‌ಎಂ (ಸಹಾಯಕ ನರ್ಸ್) ಆಗಿರುವವರಿಗೆ ಮಾತ್ರ ವಿನಾಯಿತಿ. ಇದೇ ದೇಶದಲ್ಲಿ 2005ರಲ್ಲಿ ಆಶಾ ಕಾರ್ಯಕರ್ತೆಯರ ವ್ಯವಸ್ಥೆ ಬಂದಾಗ ಸರ್ಕಾರ ಹುಡುಕಿದ್ದು ಎಂಥವರನ್ನು? ಅದೇ ಊರಿನಲ್ಲಿ ನೆಲೆಸಿದ, ಮದುವೆಯಾದ ಇಲ್ಲವೇ ವಿಧವೆಯಾದ, ಗಂಡನಿಂದ ಬೇರೆಯಾದ, 25ರಿಂದ 45 ವಯಸ್ಸಿನ ಹೆಂಗಸರನ್ನು. ಕಾರಣವೂ ಸರಿಯಾಗಿತ್ತು. ಅಂಥವಳು ಊರು ಬಿಟ್ಟು ಹೋಗುವುದಿಲ್ಲ, ಬಸುರಿ ಬಾಣಂತಿಯರು ಅವಳೆದುರು ಬಾಯಿ ಬಿಡುತ್ತಾರೆ, ಹೆರಿಗೆ ನೋವಿನ ರಾತ್ರಿ ಜೊತೆಗೆ ಬರುತ್ತಾಳೆ. ಕಡಿಮೆ ಗೌರವಧನದ ಕೆಲಸಕ್ಕೆ ಈ ಗುಣಗಳೆಲ್ಲ ಬೇಕು ಎಂದ ಸರ್ಕಾರವೇ, ಸಂಬಳ ಬರುವ ನರ್ಸಿನ ಸೀಟಿನ ಬಾಗಿಲಲ್ಲಿ ಅದೇ ಹೆಂಗಸಿಗೆ ವಯಸ್ಸಾಯಿತು ಎನ್ನುತ್ತದೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳಿಗೆ ಹದಿನೈದು ಸಾವಿರ ಕೊಡಿ ಎಂದು ಹಗಲು ರಾತ್ರಿ ಕೂತವರಲ್ಲಿ ಒಳ್ಳೆಯ ನರ್ಸುಗಳಾಗಬಹುದಾದವರು ಎಷ್ಟು ಜನ ಇದ್ದರೋ.

ಕೆಲಸ ಮಾಡಿಕೊಂಡೇ ಓದಲಿ ಎಂಬ ಸಲಹೆಯನ್ನು ನಾನು ಬಹಳ ಕೇಳಿದ್ದೇನೆ. ಬಿಎ ಆದರೆ ಆದೀತು, ನರ್ಸಿಂಗ್ ಆಗುವುದಿಲ್ಲ, ಆಗಲೂಬಾರದು. ತರಗತಿಗೂ ಪ್ರಾಯೋಗಿಕಕ್ಕೂ ಕನಿಷ್ಠ ಶೇ 80 ಹಾಜರಾತಿ ಬೇಕು, ವಾರ್ಡಿನ ಪೋಸ್ಟಿಂಗ್ ಒಂದು ದಿನ ತಪ್ಪಿದರೂ ಆ ದಿನವನ್ನು ಮತ್ತೆ ಮಾಡಿ ಪೂರ್ತಿಗೊಳಿಸದೆ ಸರ್ಟಿಫಿಕೇಟು ಇಲ್ಲ. ಈ ನಿಯಮ ಸರಿಯಾಗಿದೆ. ಮಗುವಿನ ಕೈಯಲ್ಲಿ ನರ ಹುಡುಕುವುದನ್ನು, ಹೆರಿಗೆಯಾದವಳ ರಕ್ತಸ್ರಾವ ಹದ ಮೀರುತ್ತಿದೆ ಎಂದು ಗುರುತಿಸುವುದನ್ನು ಮನೆಯಲ್ಲಿ ಪುಸ್ತಕ ಓದಿ ಕಲಿಯಲಾಗದು. ಆದರೆ ಈ ನಿಯಮದ ಇನ್ನೊಂದು ಮುಖವನ್ನೂ ನೋಡಬೇಕು. ಬೆಳಿಗ್ಗೆ ಎಂಟರಿಂದ ಸಂಜೆವರೆಗೆ ವಾರ್ಡಿನಲ್ಲೋ ತರಗತಿಯಲ್ಲೋ ಇರಲೇಬೇಕು, ನೈಟ್ ಪೋಸ್ಟಿಂಗೂ ಉಂಟು. ಅಂದರೆ ಓದಿನ ಜೊತೆ ದುಡಿಯುವ ದಾರಿಯನ್ನು ಕೋರ್ಸೇ ಮುಚ್ಚಿಬಿಡುತ್ತದೆ. ಮುಚ್ಚಲೇಬೇಕು ಎನ್ನುವವರು, ಆ ಮುಚ್ಚಿದ ಮೂರು ವರ್ಷ ಆಕೆಯ ಮಕ್ಕಳು ಏನು ಉಣ್ಣಬೇಕು ಎಂಬುದಕ್ಕೂ ಉತ್ತರ ಹೇಳಬೇಕು.

ಉತ್ತರ ಹೇಳದೆ ಬಿಟ್ಟದ್ದರ ಫಲ ನಮ್ಮ ಕಣ್ಣೆದುರಿಗೇ ಇದೆ. ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು ಎನ್ನುವ ಶಾಲೆಗಳಿವೆ, ಅವುಗಳಿಗೆ ವಿದ್ಯಾರ್ಥಿಗಳನ್ನು ಹಿಡಿದು ತರುವ ಏಜೆಂಟರಿದ್ದಾರೆ. ಯಾವ ಕೋರ್ಸೂ ಮಾಡದೆ, ನೋಡಿ ಕಲಿತ ಕೈಯಿಂದಲೇ ಇಂಜೆಕ್ಷನ್ ಕೊಡುತ್ತಾ "ಸಿಸ್ಟರ್" ಎಂದು ಕರೆಸಿಕೊಳ್ಳುವವರು ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಎಷ್ಟೋ ಮಂದಿ. ಅವರನ್ನು ಬೈಯುವುದು ನನ್ನಿಂದಾಗದು. ಎಷ್ಟೋ ಜನ ನಿಜವಾಗಿ ಕಲಿಯಲು ಹಂಬಲಿಸಿದವರೇ. ನಿಜವಾದ ದಾರಿಗೆ ನಾಲ್ಕೂವರೆ ಲಕ್ಷದ ಸಂಬಳವನ್ನು ಸುಂಕವಾಗಿ ಕಟ್ಟಬೇಕಿತ್ತು, ಕಟ್ಟಲಾಗದೆ ಅಡ್ಡದಾರಿ ಹಿಡಿದರು. ರೋಗಿಯ ಜೀವಕ್ಕೆ ಅಪಾಯ ತರುವ ಆ ಅಡ್ಡದಾರಿಯನ್ನು ದಾಳಿ ಮಾಡಿ ಮುಚ್ಚಿದರೆ ಸಾಲದು.

ಮಧ್ಯದಲ್ಲಿ ಓದು ನಿಂತವರ ಪಾಡು ಬೇರೆ. ನನ್ನ ಬಳಿ ಸಲಹೆ ಕೇಳಿ ಖಾಸಗಿ ಶಾಲೆಯೊಂದಕ್ಕೆ ಸೇರಿದ್ದ ಇನ್ನೊಬ್ಬಳು, ಎರಡು ಮಕ್ಕಳ ತಾಯಿ, ಎರಡನೇ ವರ್ಷದಲ್ಲಿ ಗಂಡ ತೀರಿಕೊಂಡು ಓದು ಬಿಡಬೇಕಾಯಿತು. ಉಳಿದ ವರ್ಷದ ಫೀಸೂ ಕಟ್ಟಿದರೆ ಮಾತ್ರ ಮೂಲ ಅಂಕಪಟ್ಟಿ ಕೊಡುತ್ತೇವೆ ಎಂದರು ಶಾಲೆಯವರು. ಪಿಯುಸಿ ಅಂಕಪಟ್ಟಿ ಇಲ್ಲದೆ ಆಕೆ ಅಂಗನವಾಡಿ ಕೆಲಸಕ್ಕೂ ಅರ್ಜಿ ಹಾಕಲಾಗಲಿಲ್ಲ. ನಾನು ಜೊತೆಗೆ ಹೋಗಿ ಮೂರು ಸಲ ಕಛೇರಿಯ ಬೆಂಚಿನ ಮೇಲೆ ಕೂತಿದ್ದೇನೆ. ಅಂಕಪಟ್ಟಿ ಬಿಡಿಸಲು ಆಕೆ ಎತ್ತಿದ್ದು ಮನೆ ಬಾಗಿಲಿಗೆ ಬರುವ ವಾರದ ಕಂತಿನ ಸಾಲ. ಆ ಸಾಲದವರ ಕಾಟ ಹಳ್ಳಿಹಳ್ಳಿಗಳಲ್ಲಿ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಓದಿಗೆಂದು ಯಾರು ಕೇಳಿದರೂ ಅಂದಿನಿಂದ ನಾನು ಹೇಳುವುದು ಇಷ್ಟು: ವಾರದ ಕಂತಿನ ಸಾಲ ಬೇಡ, ಮೂಲ ದಾಖಲೆ ಕೈಬಿಡಬೇಡ, ಸರ್ಕಾರಿ ಸೀಟು ಸಿಗುವುದಾದರೆ ಒಂದು ವರ್ಷ ಕಾದರೂ ಪರವಾಗಿಲ್ಲ.

ದುಡಿಯುವವರು ನರ್ಸಿಂಗ್ ಕಲಿಯುವುದು ಹೊಸ ಬೇಡಿಕೆಯೇನಲ್ಲ. ಈ ವೃತ್ತಿಶಿಕ್ಷಣ ಶುರುವಾದದ್ದೇ ದೊಡ್ಡವರಿಂದ. ಫ್ಲಾರೆನ್ಸ್ ನೈಟಿಂಗೇಲ್ ತಾನು ಜರ್ಮನಿಯ ಕೈಸರ್ಸ್‌ವರ್ತಿನಲ್ಲಿ ತರಬೇತಿಗೆ ಕೂತಾಗ ಆಕೆಗೆ 31 ವರ್ಷ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ ತೆರೆದಾಗ ಅಭ್ಯರ್ಥಿಗಳಿಗೆ ತಕ್ಕ ವಯಸ್ಸು ಎಂದು ಹೇಳಿದ್ದು 25ರಿಂದ 35. ಜನ ಚಂದಾ ಎತ್ತಿ ಕೊಟ್ಟ ನಿಧಿಯಿಂದ ಕಲಿಯುವವರ ಊಟ, ವಸತಿ, ಸಮವಸ್ತ್ರದ ಖರ್ಚು ನಡೆಯುತ್ತಿತ್ತು, ಮೇಲೆ ವರ್ಷಕ್ಕೆ 10 ಪೌಂಡ್ ಕೈಗೆ. ನಮ್ಮಲ್ಲಿ ಬಾಗಿಲು ಮುಚ್ಚುವ ವಯಸ್ಸು ಅಲ್ಲಿ ತಕ್ಕ ವಯಸ್ಸಾಗಿತ್ತು, ನಾವು ಫೀಸು ಕೇಳುವ ಜಾಗದಲ್ಲಿ ಅವರು ಸಂಬಳ ಕೊಟ್ಟರು.

ಆ ಪದ್ಧತಿಯನ್ನು ಹಾಡಿ ಹೊಗಳುವುದೂ ತಪ್ಪಾದೀತು. ಕಲಿಯುವವರಿಗೆ ನಾಲ್ಕು ಕಾಸು ಕೊಟ್ಟು ಆಸ್ಪತ್ರೆಗಳು ಅವರನ್ನೇ ವಾರ್ಡಿನ ಆಳುಗಳಾಗಿ ದುಡಿಸಿಕೊಂಡವು. ನನ್ನ ಗುರುಗಳ ತಲೆಮಾರಿನವರು ಹೇಳುತ್ತಿದ್ದ ಕಥೆಗಳಲ್ಲಿ ರಾತ್ರಿಯೆಲ್ಲ ನಲವತ್ತು ಹಾಸಿಗೆಯ ವಾರ್ಡು ನೋಡಿಕೊಂಡು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿದವರೇ ಹೆಚ್ಚು. ಕಲಿಯುವವಳು ಮೊದಲು ವಿದ್ಯಾರ್ಥಿನಿ, ಆಳಲ್ಲ ಎಂದು ಹೋರಾಡಿ ನರ್ಸಿಂಗ್ ಅನ್ನು ಕಾಲೇಜಿನ ಶಿಕ್ಷಣವಾಗಿ ಮಾಡಿದ್ದು ನಮ್ಮ ವೃತ್ತಿಯ ದೊಡ್ಡ ಸಾಧನೆ. ಅದನ್ನು ನಾನು ಬಿಟ್ಟುಕೊಡಲಾರೆ. ಆದರೆ ಆ ಗೆಲುವಿನಲ್ಲಿ ಒಂದು ನಷ್ಟವೂ ಆಯಿತು. ವಿದ್ಯಾರ್ಥಿನಿ ಎಂದೊಡನೆ ಅಪ್ಪ ಅಮ್ಮ ಸಾಕುವ ಹುಡುಗಿ ಎಂಬ ಅರ್ಥ ಬಂತು. ವಿದ್ಯಾರ್ಥಿನಿಯ ಗೌರವವೂ ಇರಲಿ, ಸಂಬಳವೂ ಇರಲಿ ಎಂದು ಕೇಳಬಹುದಿತ್ತು, ನಾವು ಕೇಳಲಿಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ ತೋರಿಸಿಕೊಟ್ಟಿತು. ಅಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಫೀಸನ್ನು ಸರ್ಕಾರವೇ ಕಟ್ಟಿ, ಜೀವನಕ್ಕೂ ವೇತನ ಕೊಡುತ್ತಿತ್ತು. 2017ರ ಆಗಸ್ಟಿನಿಂದ ಸೇರುವವರಿಗೆ ಅದನ್ನು ನಿಲ್ಲಿಸಿ, ಎಲ್ಲರಂತೆ ಸಾಲ ಮಾಡಿ ಓದಿ ಎಂದರು. ಅರ್ಜಿಗಳು ಕುಸಿದವು. ಹೆಚ್ಚು ಕುಸಿದದ್ದು ವಯಸ್ಸಿನಲ್ಲಿ ದೊಡ್ಡವರ ಅರ್ಜಿಗಳು, ಅಂದರೆ ಮನೆ ಮಕ್ಕಳಿದ್ದವರು, ಬೇರೆ ಕೆಲಸದಿಂದ ಬರುವವರು. 2020ರ ಸೆಪ್ಟೆಂಬರಿನಿಂದ ವರ್ಷಕ್ಕೆ 5,000 ಪೌಂಡ್ ಮರಳಿಸಬೇಕಿಲ್ಲದ ನೆರವನ್ನು ಮತ್ತೆ ಕೊಡಬೇಕಾಯಿತು. ಪಕ್ಕದ ವೇಲ್ಸ್ ಹಳೆಯ ಪದ್ಧತಿಯನ್ನು ಬಿಡಲೇ ಇಲ್ಲ: ಓದು ಮುಗಿದ ಮೇಲೆ ಎರಡು ವರ್ಷ ನಮ್ಮಲ್ಲೇ ದುಡಿಯುತ್ತೇನೆಂದು ಒಪ್ಪಿದವರ ಫೀಸನ್ನು ಸರ್ಕಾರ ಕಟ್ಟುತ್ತದೆ. ಸ್ಕಾಟ್ಲೆಂಡ್ ವರ್ಷಕ್ಕೆ 10,000 ಪೌಂಡಿನಷ್ಟು ಕೊಡುತ್ತದೆ. ಇದು ದೂರದ ದೇಶದ ಸುದ್ದಿಯಲ್ಲ. ಅಲ್ಲಿಯ ವಾರ್ಡುಗಳ ಖಾಲಿ ಜಾಗ ತುಂಬಲು ವಿಮಾನ ಹತ್ತಿದವರಲ್ಲಿ ನನ್ನ ವಿದ್ಯಾರ್ಥಿನಿಯರೂ ಇದ್ದಾರೆ. ಅವರ ಓದಿನ ದುಡ್ಡು ಕಟ್ಟಿದ್ದು ಇಲ್ಲಿಯ ಅಡಿಕೆ ತೋಟ, ಅಮ್ಮನ ಬಳೆ, ಬ್ಯಾಂಕಿನ ಸಾಲ.

ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯ ನರ್ಸಿಂಗ್ ಕಾಲೇಜಿಗೆ ಸೇರಿದ ಹುಡುಗಿ ಫೀಸು ಕಟ್ಟುವುದಿಲ್ಲ. ವಸತಿ, ಪಡಿತರ, ಸಮವಸ್ತ್ರದ ಭತ್ಯೆ ಸೇನೆಯದು, ತಿಂಗಳಿಗಿಷ್ಟು ವೇತನವೂ ಉಂಟು. ಬದಲಿಗೆ ಓದು ಮುಗಿದ ಮೇಲೆ ಇಂತಿಷ್ಟು ವರ್ಷ ಮಿಲಿಟರಿ ನರ್ಸಿಂಗ್ ಸೇವೆಯಲ್ಲಿರಬೇಕೆಂಬ ಬಾಂಡ್. ಸೇನೆಗೆ ನರ್ಸುಗಳು ಬೇಕು, ಆದ್ದರಿಂದ ತಯಾರು ಮಾಡಿಕೊಳ್ಳುತ್ತದೆ, ಖರ್ಚು ತಾನೇ ಹೊರುತ್ತದೆ. ಸಂಸಾರದಲ್ಲಿರುವ ಹೆಣ್ಣಿಗೆ ಅಲ್ಲಿ ಸೀಟಿಲ್ಲ ಎಂಬುದೊಂದು ಕೊರತೆ. ಆದರೆ ತತ್ವ ಈ ದೇಶದಲ್ಲೇ, ಈ ರಾಜ್ಯದಲ್ಲೇ ಚಾಲ್ತಿಯಲ್ಲಿದೆ. ಸೇನೆಗೆ ಅನ್ವಯಿಸುವುದು ತಾಲ್ಲೂಕು ಆಸ್ಪತ್ರೆಗೆ ಯಾಕೆ ಅನ್ವಯಿಸಬಾರದು?

ನಾನು ಕೇಳುವುದು ಇಷ್ಟು. ಸರ್ಕಾರಿ ಆಸ್ಪತ್ರೆಗಳಲ್ಲಿ ಐದು ವರ್ಷ ದುಡಿದ ಆಯಾಗಳು, ಆಶಾ ಕಾರ್ಯಕರ್ತೆಯರು, ವಾರ್ಡ್ ಅಟೆಂಡರುಗಳಲ್ಲಿ ಪಿಯುಸಿ ಪಾಸಾದವರಿಗೆ ಸರ್ಕಾರಿ ನರ್ಸಿಂಗ್ ಶಾಲೆಗಳಲ್ಲಿ ಪ್ರತ್ಯೇಕ ಸೀಟು ಇಡಿ. ಅವರಿಗೆ ವಯಸ್ಸಿನ ಮಿತಿ ಸಡಿಲಿಸಿ. ಮೂರು ವರ್ಷವೂ ಈಗ ಬರುತ್ತಿರುವ ಸಂಬಳವನ್ನೇ ಕಲಿಕೆಯ ವೇತನವಾಗಿ ಮುಂದುವರಿಸಿ. ಓದು ಮುಗಿದ ಮೇಲೆ ಐದು ವರ್ಷ ಅದೇ ಜಿಲ್ಲೆಯಲ್ಲಿ ಸೇವೆ ಮಾಡಲಿ.

ಖರ್ಚು? ತಿಂಗಳಿಗೆ 13,000ದಂತೆ ಸಾವಿರ ಜನರಿಗೆ ವರ್ಷಕ್ಕೆ 15 ಕೋಟಿ 60 ಲಕ್ಷ. ವೈದ್ಯಕೀಯ ಕಾಲೇಜುಗಳ ಜೊತೆಗೆ 157 ಹೊಸ ನರ್ಸಿಂಗ್ ಕಾಲೇಜು ತೆರೆಯಲು ಕೇಂದ್ರ ಸಂಪುಟ 2023ರ ಏಪ್ರಿಲಿನಲ್ಲಿ 1,570 ಕೋಟಿ ಮಂಜೂರು ಮಾಡಿತು, ಅಂದರೆ ಒಂದೊಂದಕ್ಕೆ 10 ಕೋಟಿ. ಒಂದೂವರೆ ಕಾಲೇಜಿನ ದುಡ್ಡಿನಲ್ಲಿ ಒಂದು ವರ್ಷ ಸಾವಿರ ಮನೆಗಳ ಒಲೆ ಉರಿಸಿಕೊಂಡು ಸಾವಿರ ಹೆಂಗಸರನ್ನು ತರಗತಿಯಲ್ಲಿ ಕೂರಿಸಬಹುದು. ಕಟ್ಟಡ ಬೇಡವೆನ್ನುತ್ತಿಲ್ಲ. ಕಟ್ಟಡಕ್ಕೆ ಹಣವಿಟ್ಟವರಿಗೆ ಒಳಗೆ ಕೂರುವವರ ಊಟದ ಪ್ರಶ್ನೆಯೂ ಕಾಣಬೇಕಿತ್ತು ಎನ್ನುತ್ತಿದ್ದೇನೆ.

ಮೂವತ್ತೈದು ದಾಟಿದವಳಿಗೆ ಖರ್ಚು ಮಾಡಿ ಏನು ಬಂತು, ಸೇವೆಯ ವರ್ಷಗಳೇ ಕಡಿಮೆಯಲ್ಲ ಎಂಬ ಆಕ್ಷೇಪ ಇಲಾಖೆಯ ಸಭೆಗಳಲ್ಲಿ ನಾನೇ ಕೇಳಿದ್ದೇನೆ. ರಾಜ್ಯದಲ್ಲಿ ನಿವೃತ್ತಿ ವಯಸ್ಸು 60. ಮೂವತ್ತೆಂಟಕ್ಕೆ ಓದು ಮುಗಿಸಿದವಳು ಇಪ್ಪತ್ತೆರಡು ವರ್ಷ ದುಡಿಯುತ್ತಾಳೆ. ಇಪ್ಪತ್ತೆರಡಕ್ಕೆ ಮುಗಿಸಿದ ಹುಡುಗಿ ಮೂವತ್ತೆಂಟು ವರ್ಷ ದುಡಿಯುತ್ತಾಳೆ ನಿಜ, ಆದರೆ ಎಲ್ಲಿ? ಆಕೆ ಕೊಲ್ಲಿಗೋ ಇಂಗ್ಲೆಂಡಿಗೋ ಹೋಗುವುದು ಅವಳ ಹಕ್ಕು, ನಾನು ತಡೆಯುವವಳಲ್ಲ. ಊರಲ್ಲೇ ಉಳಿಯುವವಳನ್ನು ಬಿಟ್ಟು ಹೋಗುವವಳ ಮೇಲಷ್ಟೇ ಲೆಕ್ಕ ಹಾಕಬೇಡಿ ಎನ್ನುವುದು ನನ್ನ ಮಾತು. ಅದಲ್ಲದೆ ಆಯಾ ಆಗಿ ಹತ್ತು ವರ್ಷ ಬೆಡ್‌ಪ್ಯಾನ್ ಇಟ್ಟವಳಿಗೆ, ಹೆಣ ಕಟ್ಟಿದವಳಿಗೆ, ರೋಗಿಯ ಮುಖ ನೋಡಿಯೇ ಏನೋ ಸರಿಯಿಲ್ಲ ಎಂದು ಓಡಿ ಬಂದು ಹೇಳಿದವಳಿಗೆ ಈ ಕೆಲಸ ಏನೆಂಬುದು ಗೊತ್ತು. ಮೊದಲ ಸಾವು ಕಂಡ ದಿನ ಕೋರ್ಸು ಬಿಟ್ಟು ಮನೆಗೆ ಹೋದ ಹುಡುಗಿಯರನ್ನು ನಾನು ನೋಡಿದ್ದೇನೆ. ಆಯಾಗಳು ಹಾಗೆ ಹೋಗುವುದಿಲ್ಲ.

ಬಾಂಡ್ ಎಂಬುದು ಜೀತವಾಗಬಹುದು ಎಂಬ ಭಯಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಐದು ವರ್ಷ ಎಂದು ಹೇಳಿ ಹೊರಗುತ್ತಿಗೆಯ ಸಂಬಳದಲ್ಲೇ ಕೊಳೆಸಬಹುದು, ಕಾಯಿಲೆ ಬಿದ್ದು ಬಿಟ್ಟರೆ ಮೂರು ವರ್ಷದ ವೇತನ ವಾಪಸ್ ಕೇಳಿ ಮನೆ ಬಾಗಿಲಿಗೆ ನೋಟಿಸ್ ಅಂಟಿಸಬಹುದು. ಹಾಗಾಗಿ ಬಾಂಡಿನ ಕಾಲದಲ್ಲಿ ಕಾಯಂ ನರ್ಸಿನ ಸಂಬಳವೇ ಇರಬೇಕು, ಮಧ್ಯದಲ್ಲಿ ಬಿಡಬೇಕಾಗಿ ಬಂದವಳಿಂದ ಉಳಿದ ತಿಂಗಳುಗಳ ಪಾಲನ್ನಷ್ಟೇ ಕೇಳಬೇಕು, ಗಂಡ ಸತ್ತರೆ, ಆಕೆಯೇ ಕಾಯಿಲೆ ಬಿದ್ದರೆ ಅದನ್ನೂ ಬಿಡಬೇಕು, ಮೂಲ ದಾಖಲೆ ಯಾರೂ ಇಟ್ಟುಕೊಳ್ಳಕೂಡದು. ಇವು ಆದೇಶದಲ್ಲೇ ಬರೆದಿರಬೇಕು. ಅಧಿಕಾರಿಯ ಒಳ್ಳೆಯತನವನ್ನು ನಂಬಿ ಬಿಡುವ ವಿಷಯ ಇದಲ್ಲ.

ಕಳೆದ ತಿಂಗಳು ಸಂಬಂಧಿಕರ ಹೆರಿಗೆಗೆಂದು ಅದೇ ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಆಯಾ ಹೆರಿಗೆ ವಾರ್ಡಿನಲ್ಲಿದ್ದಳು. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಕೈಗೆ ಕೊಟ್ಟು, ತಲೆ ಮುಚ್ಚಿಡಿ ಅಜ್ಜೀ, ಶೀತ ಆಗಬಾರದು ಎಂದು ಹೇಳಿ ನನ್ನತ್ತ ಬಂದಳು. ಮಗಳು ಈಗ ಹತ್ತನೇ ಕ್ಲಾಸಂತೆ. ಕ್ಯಾಲೆಂಡರಿನ ಹಾಳೆ ಇನ್ನೂ ಬೀರುವಿನಲ್ಲಿದೆ ಎಂದಳು. ನಾನು ಏನೂ ಕೇಳಿರಲಿಲ್ಲ, ತಾನೇ ಬೆರಳು ಮಡಿಸಿ ಎಣಿಸಿದಳು. ಬರುವ ನವೆಂಬರಿಗೆ ಆಕೆಗೆ 35 ತುಂಬುತ್ತದೆ.

"ಈ ವರ್ಷದ ಅರ್ಜಿ ಯಾವಾಗ ಕರೀತಾರೆ ಮೇಡಂ?"